ಬಾಗಿಲ ಒಳಗಿನ ಅಗುಳಿ

ಊಟಿಯಿಂದ ಎಮರಾಲ್ಡ್ ಕಡೆಗೆ ಹೋಗುವ ದಾರಿಯಲ್ಲಿ ಇತ್ತಲಾರ್ ಸಿಗುತ್ತದೆ. ಬಡಗರ ಊರು. ಇಳಿಜಾರಿನಲ್ಲಿ ಚಹಾ, ತಗ್ಗಿನಲ್ಲಿ ಕ್ಯಾರೆಟ್, ಆಲೂಗಡ್ಡೆ, ಕೋಸಿನ ಪಾತಿ, ಅಲ್ಲಲ್ಲಿ ಉಳಿದುಕೊಂಡ ಶೋಲಾ ಕಾಡು. ನೀಲಗಿರಿಯ ಇಂಥ ಹಟ್ಟಿಗಳಿಗೆ ಹೇಳದೆ ಕೇಳದೆ ನುಗ್ಗುವವರು ಹೊಸಬರಲ್ಲ. ಕತ್ತಲಾದರೆ ಕಾಟಿ ತೋಟಕ್ಕಿಳಿಯುತ್ತದೆ, ಚಿರತೆ ನಾಯಿಯನ್ನು ಹುಡುಕಿಕೊಂಡು ಬೀದಿಗೆ ಬರುತ್ತದೆ. ಕರಡಿಗೆ ಎಣ್ಣೆಯ ವಾಸನೆ ಹತ್ತಿದರಂತೂ ಗುಡಿಯ ಬಾಗಿಲೂ ಉಳಿಯುವುದಿಲ್ಲ, ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೋಣೆಯ ಬಾಗಿಲೂ ಉಳಿಯುವುದಿಲ್ಲ. 2014ರ ಜನವರಿಯಲ್ಲಿ ದೊಡ್ಡಬೆಟ್ಟದ ಸುತ್ತಲ ಹಳ್ಳಿಗಳಲ್ಲಿ ಒಂದು ಹುಲಿ ಮೂವರನ್ನು ಕೊಂದಿತು. ಅದನ್ನು ಹೊಡೆದುರುಳಿಸಿದ್ದು ಆ ತಿಂಗಳ 22ರಂದು. ನಡುವಿನ ದಿನಗಳಲ್ಲಿ ಆ ಭಾಗದ ಶಾಲೆಗಳಿಗೆ ರಜೆ ಕೊಡಬೇಕಾಯಿತು.

ಹೀಗೆ ಬಾಳಿದ ಬೆಟ್ಟದ ಜನಕ್ಕೆ ಒಂದು ರೂಢಿ ಬಂದಿದೆ. ಕರಡಿ ಬಂತೆಂದು ಯಾರಾದರೂ ಕೂಗಿದರೆ ನಿಜವೋ ಸುಳ್ಳೋ ಎಂದು ಇಣುಕಿ ನೋಡಲು ಹೋಗುವುದಿಲ್ಲ. ಬೀದಿಯಲ್ಲಿರುವ ಮಗು ಯಾರದ್ದೇ ಆಗಲಿ, ಹತ್ತಿರದ ಮನೆಯವರು ಒಳಗೆಳೆದುಕೊಳ್ಳುತ್ತಾರೆ. ಬಾಗಿಲು ಹಾಕಿಕೊಂಡ ಮೇಲೆ ಪಕ್ಕದ ಕೇರಿಗೆ ಫೋನು ಹೋಗುತ್ತದೆ. ಅನುಮಾನಕ್ಕೆ ಸಮಯ ಕೊಡದಿರುವುದು, ಬಾಗಿಲು ಭದ್ರಪಡಿಸುವುದು, ಆಮೇಲೆ ಸುದ್ದಿ ಮುಟ್ಟಿಸುವುದು: ಆಯುಧ ಹಿಡಿದ ಮನುಷ್ಯ ಶಾಲೆಗೋ ಕಾಲೇಜಿಗೋ ನುಗ್ಗಿದಾಗ ಏನು ಮಾಡಬೇಕೆಂದು ಜಗತ್ತಿನಾದ್ಯಂತ ಅಧ್ಯಯನ ಮಾಡಿದವರು ಕೊನೆಗೆ ಬಂದು ನಿಂತದ್ದೂ ಹೆಚ್ಚುಕಡಿಮೆ ಇದೇ ಜಾಗಕ್ಕೆ. ಏಕೆ ಎಂಬುದನ್ನು ಮಿದುಳಿನಿಂದ ಬಾಗಿಲಿನ ತಿರುಪುಮೊಳೆಯವರೆಗೆ ಬಿಡಿಸಿ ನೋಡೋಣ.

ನಮ್ಮಲ್ಲಿ ಅಂಥದ್ದು ನಡೆಯುವುದಿಲ್ಲ ಎಂಬ ನಂಬಿಕೆಯನ್ನು ಮೊದಲು ಬದಿಗಿಡಬೇಕು. 2005ರ ಡಿಸೆಂಬರ್ 28ರ ಸಂಜೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೆ.ಎನ್. ಟಾಟಾ ಸಭಾಂಗಣದಲ್ಲಿ ಆಪರೇಷನಲ್ ರಿಸರ್ಚ್ ಸೊಸೈಟಿಯ ಅಂತರರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಆ ದಿನದ ಗೋಷ್ಠಿಗಳು ಮುಗಿದು ವಿದ್ವಾಂಸರು ಹೊರಬರುತ್ತಿದ್ದಾಗ ಒಬ್ಬ ಬಂದೂಕುಧಾರಿ ಗುಂಡಿನ ಮಳೆಗರೆದ. ದೆಹಲಿ ಐಐಟಿಯ ನಿವೃತ್ತ ಗಣಿತ ಪ್ರಾಧ್ಯಾಪಕ ಎಂ.ಸಿ. ಪುರಿ ಪ್ರಾಣ ಕಳೆದುಕೊಂಡರು. ಸಿಂಪ್ಯೂಟರ್ ಎಂಬ ಅಗ್ಗದ ಕೈಗಣಕವನ್ನು ರೂಪಿಸಿದವರಲ್ಲಿ ಒಬ್ಬರಾದ ವಿಜಯ್ ಚಂದ್ರು ಸೇರಿದಂತೆ ನಾಲ್ವರು ಗಾಯಗೊಂಡರು. ದಾಳಿ ನಡೆದದ್ದು ಕೆಲವೇ ನಿಮಿಷ. ಪೊಲೀಸರು ಬರುವ ಹೊತ್ತಿಗೆ ದಾಳಿಕೋರ ಕತ್ತಲಲ್ಲಿ ಕರಗಿದ್ದ. ಇನ್ನೂ ಹತ್ತಿರದ ನೆನಪು ದಕ್ಷಿಣ ಕನ್ನಡದ ಕಡಬದ್ದು. 2024ರ ಮಾರ್ಚ್ 4ರಂದು ಅಲ್ಲಿನ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಪರೀಕ್ಷೆಗೆ ಕೂರಬೇಕಿದ್ದ ಮೂವರು ಹೆಣ್ಣುಮಕ್ಕಳ ಮೇಲೆ ಯುವಕನೊಬ್ಬ ಆ್ಯಸಿಡ್ ಎರಚಿದ. ಅವನು ಮುಖಕ್ಕೆ ಮಾಸ್ಕ್ ಹಾಕಿಕೊಂಡಿದ್ದ, ಮೈಮೇಲೆ ಕಾಲೇಜಿನ ಸಮವಸ್ತ್ರದಂಥದ್ದೇ ಬಟ್ಟೆ ಇತ್ತು. ಗೇಟಿನಲ್ಲಿ ನಿಂತವರ ಕಣ್ಣಿಗೆ ಅವನು ವಿದ್ಯಾರ್ಥಿಯಂತೆಯೇ ಕಂಡಿರಬೇಕು.

ಇಂಥ ಹೊತ್ತಿನಲ್ಲಿ ಮೊದಲು ಕೈಕೊಡುವುದು ನಮ್ಮ ಮಿದುಳು. ಅಪಾಯದ ಸದ್ದನ್ನು ಅದು ಅಪಾಯವೆಂದು ಒಪ್ಪುವುದಿಲ್ಲ. ಗುಂಡಿನ ಸದ್ದು ಪಟಾಕಿಯಾಗಿ ಕೇಳಿಸುತ್ತದೆ, ಚೀರಾಟ ಹುಡುಗರ ಗಲಾಟೆಯಾಗುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ಬಿಬ್ ಲತಾನೆ ಮತ್ತು ಜಾನ್ ಡಾರ್ಲಿ 1968ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಕೋಣೆಯೊಂದರಲ್ಲಿ ಅರ್ಜಿ ತುಂಬುತ್ತ ಕೂತವರ ಕಡೆಗೆ ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದಾಗ 100ಕ್ಕೆ 75 ಮಂದಿ ಎದ್ದು ಹೋಗಿ ತಿಳಿಸಿದರು. ಹೊಗೆಯನ್ನು ಲೆಕ್ಕಿಸದೆ ಕೂತಿರುವಂತೆ ಮೊದಲೇ ಹೇಳಿಕೊಟ್ಟಿದ್ದ ಇಬ್ಬರು ಪಕ್ಕದಲ್ಲಿದ್ದಾಗ ಎದ್ದವರು 100ಕ್ಕೆ 10 ಮಂದಿ. ಉಳಿದವರು ಕಣ್ಣುಜ್ಜಿಕೊಳ್ಳುತ್ತ, ಕೆಮ್ಮುತ್ತ, ಬರೆಯುತ್ತಲೇ ಇದ್ದರು. ತರಗತಿಯಲ್ಲಿ ಎಲ್ಲರೂ ಮೇಷ್ಟರ ಮುಖ ನೋಡುತ್ತಾರೆ, ಮೇಷ್ಟರು ಪಕ್ಕದ ತರಗತಿಯ ಕಡೆ ಕಿವಿಗೊಡುತ್ತಾರೆ. ಒಬ್ಬರ ಸುಮ್ಮನಿರುವಿಕೆ ಇನ್ನೊಬ್ಬರಿಗೆ ಧೈರ್ಯವಾಗಿ ಕಾಣುತ್ತ ಹೋಗುತ್ತದೆ. ಆ ಸರಪಳಿ ತುಂಡಾಗಬೇಕಾದರೆ ಒಬ್ಬರು ಬಾಯಿ ಬಿಟ್ಟು, ಸ್ಪಷ್ಟ ಮಾತಿನಲ್ಲಿ, ಬಾಗಿಲು ಹಾಕಿ ಎನ್ನಬೇಕು. ಆಮೇಲೆ ಅದು ಪಟಾಕಿಯೇ ಆಗಿದ್ದರೆ ನಷ್ಟವೇನೂ ಇಲ್ಲ.

ನಂಬಿದ ಮೇಲೂ ಎಲ್ಲರ ಕಾಲು ಏಳುವುದಿಲ್ಲ. ಹಡಗು, ವಿಮಾನ ದುರಂತಗಳಲ್ಲಿ ಬದುಕುಳಿದವರನ್ನು ಅಧ್ಯಯನ ಮಾಡಿದ ಬ್ರಿಟನ್ನಿನ ಮನೋವಿಜ್ಞಾನಿ ಜಾನ್ ಲೀಚ್ ಹೇಳುವ ಪ್ರಕಾರ, ದೊಡ್ಡ ಅಪಾಯ ಎದುರಾದಾಗ ನಾಲ್ವರಲ್ಲಿ ಸುಮಾರು ಮೂವರು ದಿಕ್ಕು ತೋಚದೆ ನಿಂತುಬಿಡುತ್ತಾರೆ. ಇದು ಹೇಡಿತನವಲ್ಲ. ಹೊಸ ಪರಿಸ್ಥಿತಿಗೆ ಹೊಸ ಯೋಜನೆ ಹೆಣೆಯಲು ಮಿದುಳಿಗೆ ಹಲವು ಸೆಕೆಂಡು ಬೇಕು. ಭಯ ಅಮರಿಕೊಂಡಾಗ ಆ ಲೆಕ್ಕಾಚಾರ ಇನ್ನೂ ನಿಧಾನವಾಗುತ್ತದೆ. ಮೊದಲೇ ಒಮ್ಮೆ ಮಾಡಿ ನೋಡಿದ ಕೆಲಸವಾದರೆ ಹೆಣೆಯುವ ಗೋಜಿಲ್ಲ, ನೆನಪಿನಿಂದ ಎತ್ತಿಕೊಂಡರಾಯಿತು. ಇನ್ನೊಂದು ಕಡೆ ಅಡ್ರಿನಲಿನ್ ರಕ್ತಕ್ಕೆ ಇಳಿದು ಎದೆಬಡಿತ ಏರುತ್ತದೆ, ತೊಡೆ ತೋಳುಗಳ ದೊಡ್ಡ ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ, ಬೆರಳುಗಳು ನಡುಗುತ್ತವೆ. ಓಡಲು, ತಳ್ಳಲು, ಎಳೆಯಲು ಒಳ್ಳೆಯ ಸ್ಥಿತಿ. ಗೊಂಚಲಿನಲ್ಲಿ ಸರಿಯಾದ ಬೀಗದ ಕೈ ಹುಡುಕಿ ಸಣ್ಣ ತೂತಿಗೆ ತೂರಿಸಲು ಅದಕ್ಕಿಂತ ಕೆಟ್ಟ ಸ್ಥಿತಿ ಇಲ್ಲ. ಈ ಒಂದು ಮಾತನ್ನು ಓದುಗರು ಜ್ಞಾಪಕದಲ್ಲಿಡಬೇಕು. ಮುಂದೆ ಬಾಗಿಲಿನ ವಿಷಯ ಬಂದಾಗ ಎಲ್ಲವೂ ಇದರ ಮೇಲೇ ನಿಂತಿದೆ.

ಇನ್ನು ಗಡಿಯಾರದ ಲೆಕ್ಕ. ಅಮೆರಿಕದ ಎಫ್‌ಬಿಐ 2000ದಿಂದ 2013ರವರೆಗಿನ 160 ಗುಂಡಿನ ದಾಳಿಗಳನ್ನು ಪರಿಶೀಲಿಸಿತು. ಎಷ್ಟು ಹೊತ್ತು ನಡೆಯಿತೆಂದು ಖಚಿತವಾಗಿ ಹೇಳಬಹುದಾಗಿದ್ದ 63 ಘಟನೆಗಳಲ್ಲಿ 44 ಘಟನೆಗಳು ಐದೇ ನಿಮಿಷದೊಳಗೆ ಮುಗಿದಿದ್ದವು, 23 ಎರಡು ನಿಮಿಷದೊಳಗೆ. ಪೇಟೆಯ ಪೊಲೀಸ್ ಠಾಣೆಯಿಂದ ಜೀಪು ಹೊರಟು, ಬೆಟ್ಟದ ತಿರುವುಗಳನ್ನು ದಾಟಿ, ಮಂಜಿನಲ್ಲಿ ಎದುರು ಬರುವ ಬಸ್ಸಿಗೆ ದಾರಿ ಬಿಟ್ಟು ಇತ್ತಲಾರ್‌ನಂಥ ಊರಿಗೆ ಬರಲು ಎಷ್ಟು ಹೊತ್ತು ಬೇಕೆಂದು ಅಲ್ಲಿಯವರನ್ನೇ ಕೇಳಬೇಕು. ಬೆಂಗಳೂರಿನ ಸಂಜೆಯ ಟ್ರಾಫಿಕ್ಕಿನಲ್ಲೂ ಉತ್ತರ ಬಹಳ ಬೇರೆಯಿಲ್ಲ. ಮೊದಲ ಐದು ನಿಮಿಷ ಒಳಗಿದ್ದವರದ್ದೇ.

ಆ ಐದು ನಿಮಿಷದಲ್ಲಿ ಒಂದು ಬಾಗಿಲು ಏನು ಮಾಡಬಲ್ಲದು ಎಂಬುದಕ್ಕೆ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ನಾರಿಸ್ ಹಾಲ್ ಕಟ್ಟಡಕ್ಕಿಂತ ಸ್ಪಷ್ಟವಾದ, ಅಷ್ಟೇ ನೋವಿನ ದಾಖಲೆ ಇನ್ನೊಂದಿಲ್ಲ. 2007ರ ಏಪ್ರಿಲ್ 16ರ ಬೆಳಿಗ್ಗೆ ಅಲ್ಲಿ ಒಬ್ಬ ವಿದ್ಯಾರ್ಥಿ ಕಟ್ಟಡದ ಹೊರಬಾಗಿಲುಗಳಿಗೆ ಒಳಗಿನಿಂದ ಸರಪಳಿ ಬಿಗಿದು ಎರಡನೇ ಮಹಡಿಯ ತರಗತಿಗಳಿಗೆ ನುಗ್ಗಿದ. ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದುದರಿಂದ ಹಲವರು ಸದ್ದನ್ನು ಅದರದ್ದೇ ಎಂದುಕೊಂಡರು. ಮೊದಲು ಬಲಿಯಾದದ್ದು 206ನೇ ಕೋಣೆ. ಅಲ್ಲಿ ಜಲವಿಜ್ಞಾನ ಪಾಠ ಮಾಡುತ್ತಿದ್ದವರು ಜಿ.ವಿ. ಲೋಗನಾಥನ್. ಈರೋಡ್ ಜಿಲ್ಲೆಯ ಗೋಬಿಚೆಟ್ಟಿಪಾಳ್ಯದ ಬಳಿಯ ಹಳ್ಳಿಯಲ್ಲಿ ಹುಟ್ಟಿ, ಕೊಯಮತ್ತೂರು, ಕಾನ್ಪುರಗಳಲ್ಲಿ ಓದಿ ಅಮೆರಿಕಕ್ಕೆ ಹೋದವರು. ಗೋಬಿಯ ಗದ್ದೆಗಳಿಗೆ ನೀರುಣಿಸುವ ಭವಾನಿ ಹುಟ್ಟುವುದು ನೀಲಗಿರಿಯಲ್ಲಿ, ಎಮರಾಲ್ಡ್ ಸುತ್ತಲ ಕುಂದಾ ಹಳ್ಳಗಳು ಸೇರುವುದೂ ಅದೇ ಹೊಳೆಯನ್ನು. ಆ ನೀರಿನ ಪಕ್ಕದಲ್ಲಿ ಬೆಳೆದು ನೀರಿನ ಶಾಸ್ತ್ರವನ್ನೇ ಬದುಕಾಗಿಸಿಕೊಂಡ ಮೇಷ್ಟರಿಗೆ, ಅವರ ವಿದ್ಯಾರ್ಥಿಗಳಿಗೆ ಸಮಯವೇ ಸಿಗಲಿಲ್ಲ. ಲೋಗನಾಥನ್ ಅವರೊಂದಿಗೆ ಅದೇ ಕೋಣೆಯ ಒಂಬತ್ತು ವಿದ್ಯಾರ್ಥಿಗಳು ಸತ್ತರು.

ಮುಂದಿನ ಕೋಣೆಗಳಿಗೆ ಅರ್ಧ ನಿಮಿಷವೋ ಒಂದು ನಿಮಿಷವೋ ಹೆಚ್ಚಿಗೆ ಸಿಕ್ಕಿತು. ಯಾವ ಬಾಗಿಲಿಗೂ ಒಳಗಿನಿಂದ ಹಾಕಿಕೊಳ್ಳುವ ಬೀಗ ಇರಲಿಲ್ಲ. 204ರಲ್ಲಿ ರೊಮೇನಿಯಾದಲ್ಲಿ ಹುಟ್ಟಿ, ನಾಜಿಗಳ ಕಾಲವನ್ನು ದಾಟಿ ಬಂದಿದ್ದ 76 ವರ್ಷದ ಪ್ರಾಧ್ಯಾಪಕ ಲಿವಿಯು ಲಿಬ್ರೆಸ್ಕು ಬಾಗಿಲಿಗೆ ಮೈಯೊಡ್ಡಿ ನಿಂತರು. ಅವರು ಗುಂಡಿಗೆ ಬೀಳುವಷ್ಟರಲ್ಲಿ ಬಹುತೇಕ ವಿದ್ಯಾರ್ಥಿಗಳು ಕಿಟಕಿಯಿಂದ ಹಾರಿಕೊಂಡಿದ್ದರು. 205ರಲ್ಲಿ ವಿದ್ಯಾರ್ಥಿಗಳು ದೊಡ್ಡ ಮೇಜನ್ನು ಬಾಗಿಲಿಗೆ ಒತ್ತಿ, ತಾವು ನೆಲಕ್ಕೆ ತಗ್ಗಿ, ಅದನ್ನು ಹಿಡಿದುಕೊಂಡರು. ಹಂತಕ ತಳ್ಳಿದ, ಬಾಗಿಲಿನ ಮೂಲಕವೇ ಗುಂಡು ಹಾರಿಸಿದ, ಆಗದೆ ಮುಂದಕ್ಕೆ ಹೋದ. ಆ ಕೋಣೆಯಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ. 207ರಲ್ಲಿ ಅವನು ಒಮ್ಮೆ ನುಗ್ಗಿ ಹೊರಟುಹೋದ ಮೇಲೆ, ಗಾಯಗೊಂಡ ವಿದ್ಯಾರ್ಥಿಗಳೇ ಕೈಕಾಲು ಕೊಟ್ಟು ಬಾಗಿಲನ್ನು ಒತ್ತಿ ಹಿಡಿದರು. ಎರಡನೇ ಸಲ ಅವನಿಗೆ ಒಳಬರಲಾಗಲಿಲ್ಲ. ಹನ್ನೊಂದು ನಿಮಿಷದೊಳಗೆ ಆ ಕಟ್ಟಡದಲ್ಲಿ 30 ಜನರನ್ನು ಕೊಂದ ದಾಳಿಕೋರನನ್ನು ತಡೆದದ್ದು ಒಂದು ಮೇಜು ಮತ್ತು ಕೆಲವರ ಮೈಭಾರ.

ದಾಳಿಕೋರನಿಗೂ ಸಮಯದ ಅವಸರ ಇರುತ್ತದೆ. ತೆರೆಯದ ಬಾಗಿಲಿನ ಮುಂದೆ ಹೆಣಗಾಡುವ ಬದಲು ಅವನು ತೆರೆದ ಬಾಗಿಲನ್ನು ಹುಡುಕುತ್ತಾನೆ. ಬಾಗಿಲು ಉಕ್ಕಿನ ಕೋಟೆಯಾಗಿರಬೇಕಿಲ್ಲ, ಕೆಲವು ನಿಮಿಷ ತಡೆದರೆ ಸಾಕು. ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ 2012ರ ಡಿಸೆಂಬರ್ 14ರಂದು 20 ಪುಟ್ಟ ಮಕ್ಕಳನ್ನೂ ಆರು ಮಂದಿ ಸಿಬ್ಬಂದಿಯನ್ನೂ ಕೊಂದ ದಾಳಿ ನಡೆದಾಗ ತರಗತಿಯ ಬಾಗಿಲುಗಳಿಗೆ ಬೀಗ ಹಾಕಬೇಕಾದರೆ ಶಿಕ್ಷಕಿ ಮೊಗಸಾಲೆಗೆ ಬಂದು ಹೊರಗಿನಿಂದ ಕೀಲಿ ತಿರುಗಿಸಬೇಕಿತ್ತು. ಆಮೇಲೆ ನೇಮಕವಾದ ಆಯೋಗದ ಮುಖ್ಯ ಶಿಫಾರಸುಗಳಲ್ಲಿ ಒಂದು ಬಹಳ ಸರಳ: ತರಗತಿಯ ಬಾಗಿಲನ್ನು ಒಳಗಿನಿಂದಲೇ ಭದ್ರ ಮಾಡುವಂತಿರಬೇಕು. ಹತ್ತು ವರ್ಷದ ನಂತರ, 2022ರ ಮೇ 24ರಂದು ಟೆಕ್ಸಸ್‌ನ ಉವಾಲ್ಡೆ ಶಾಲೆಯಲ್ಲಿ 19 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಸತ್ತಾಗ ತನಿಖೆಯಲ್ಲಿ ಹೊರಬಂದ ಒಂದು ಸಂಗತಿ: ದಾಳಿಗೊಳಗಾದ ಕೋಣೆಗಳಲ್ಲೊಂದರ ಬೀಗ ಸರಿಯಾಗಿ ಹತ್ತುವುದಿಲ್ಲ ಎಂಬುದು ಶಾಲೆಯವರಿಗೆ ಮೊದಲೇ ಗೊತ್ತಿತ್ತು.

ನಮ್ಮ ಸರ್ಕಾರಿ ಶಾಲೆಯ ಬಾಗಿಲೊಂದನ್ನು ಹತ್ತಿರದಿಂದ ನೋಡಿ. ಎರಡು ಹಲಗೆಯ ಬಾಗಿಲು, ಒಳಕ್ಕೆ ತೆರೆಯುತ್ತದೆ. ಹೊರಮೈಯಲ್ಲಿ ದಪ್ಪ ಕೊಂಡಿ, ಅದಕ್ಕೆ ಸಂಜೆ ನೇತುಹಾಕುವ ಬೀಗ. ಅದು ಕಾಯುವುದು ಬೆಂಚು, ಕುರ್ಚಿ, ಅಕ್ಕಿ ಮೂಟೆಯನ್ನು. ಒಳಮೈಯಲ್ಲಿ ಮೇಲೊಂದು ಕೆಳಗೊಂದು ಅಗುಳಿ ಇದ್ದ ಗುರುತು ಇದೆ. ಮೇಲಿನದರ ಸರಳು ಬಣ್ಣ ಮೆತ್ತಿಕೊಂಡು ಜಾಮ್ ಆಗಿದೆ. ಕೆಳಗಿನದು ಇಳಿಯಬೇಕಾದ ಹೊಸ್ತಿಲ ತೂತಿನಲ್ಲಿ ಮಣ್ಣು, ಸುಣ್ಣ, ಸೀಮೆಸುಣ್ಣದ ಚೂರು ತುಂಬಿದೆ. ನಾಲ್ಕು ತಿರುಪುಮೊಳೆ ಇರಬೇಕಾದಲ್ಲಿ ಎರಡೇ ಇವೆ. ಹಗಲಿನಲ್ಲಿ ಮಕ್ಕಳು ಒಳಗಿರುವಾಗ ಆ ಬಾಗಿಲನ್ನು ಹಾಕಿಕೊಳ್ಳಬೇಕಾಗಿ ಬರಬಹುದು ಎಂದು ಯಾರೂ ಯೋಚಿಸಿಲ್ಲ.

ಆ ಅಗುಳಿಯ ತಾಕತ್ತು ಕಡಿಮೆಯೇನಲ್ಲ. ಹತ್ತು ಮಿಲಿಮೀಟರ್ ದಪ್ಪದ ಉಕ್ಕಿನ ಸರಳನ್ನು ಅಡ್ಡಕ್ಕೆ ತುಂಡರಿಸಲು ಒಂದು ಟನ್ನಿಗೂ ಮೀರಿದ ಬಲ ಬೇಕು. ಮನುಷ್ಯ ಒದ್ದು ಮುರಿಯುವಂಥದ್ದಲ್ಲ ಅದು. ಸೋಲುವುದು ಸರಳಲ್ಲ, ಅದನ್ನು ಹಲಗೆಗೆ ಹಿಡಿದಿಟ್ಟ ಅರ್ಧ ಇಂಚಿನ ಮೊಳೆಗಳು ಮತ್ತು ಅವು ಕಚ್ಚಿಕೊಂಡ ಹಳೆಯ ಮರ. ಅದೇ ಅಗುಳಿಗೆ ಉದ್ದನೆಯ ಮೊಳೆ ಹಾಕಿ, ಹಲಗೆಯ ಆಚೆಗೆ ಬೋಲ್ಟು ಹಾಯಿಸಿ ನಟ್ಟು ಬಿಗಿದರೆ ಬಾಗಿಲಿನ ಆಯಸ್ಸೇ ಬದಲಾಗುತ್ತದೆ. ಮೇಜಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಐವತ್ತು ಕಿಲೋ ತೂಕದ ಮೇಜು ಗಾರೆ ನೆಲದ ಮೇಲೆ ಜಾರದಂತೆ ತಡೆಯುವ ಘರ್ಷಣೆ ಇಪ್ಪತ್ತು, ಇಪ್ಪತ್ತೈದು ಕಿಲೋ ಭಾರಕ್ಕೆ ಸಮ. ಗಟ್ಟಿ ಆಳೊಬ್ಬ ತಳ್ಳಿದರೆ ಸರಿಯುತ್ತದೆ. ಬೆಂಚುಗಳನ್ನು ಒಂದಕ್ಕೊಂದು ತಾಗಿಸಿ ಬಾಗಿಲಿನಿಂದ ಎದುರು ಗೋಡೆಯವರೆಗೆ ಸಾಲು ಮಾಡಿದರೆ ಲೆಕ್ಕವೇ ಬೇರೆ, ಆಗ ಅವನು ತಳ್ಳುತ್ತಿರುವುದು ಗೋಡೆಯನ್ನು. ಹೊರಕ್ಕೆ ತೆರೆಯುವ ಬಾಗಿಲಾದರೆ ಬೆಂಚು ಒಟ್ಟಿ ಪ್ರಯೋಜನವಿಲ್ಲ. ಬೆಲ್ಟನ್ನೋ ದುಪಟ್ಟಾವನ್ನೋ ಹಿಡಿಕೆಗೆ ಬಿಗಿದು ಕಿಟಕಿಯ ಸರಳಿಗೆ ಕಟ್ಟಬೇಕು.

ಬಾಗಿಲು ಭದ್ರ ಮಾಡುವ ಮಾತಾಡುವಾಗ ತಮಿಳುನಾಡಿನಲ್ಲಿ ಯಾರಿಗಾದರೂ ಕುಂಭಕೋಣ ನೆನಪಾಗದೆ ಇರದು. 2004ರ ಜುಲೈ 16ರಂದು ಅಲ್ಲಿನ ಶಾಲೆಯ ಅಡುಗೆಮನೆಯಿಂದ ಎದ್ದ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸುಟ್ಟುಹೋದರು. ಮೇಲಿನಿಂದ ಇಳಿಯಲು ಇಕ್ಕಟ್ಟಾದ ಒಂದೇ ಮೆಟ್ಟಿಲು. ಹಾಗಾಗಿ ಹೊರಗಿನಿಂದ ಬೀಗ ಜಡಿದು ಮಕ್ಕಳನ್ನು ಕಾಯುತ್ತೇವೆ ಎಂಬ ಯೋಜನೆಯನ್ನು ಯಾರೇ ಹೇಳಲಿ, ಒಪ್ಪಲೇಬಾರದು. ಬೇಕಾದದ್ದು ಹೊರಗಿನವನಿಗೆ ಮುಚ್ಚಿಕೊಂಡು ಒಳಗಿನ ಮಗುವಿಗೆ ಒಂದೇ ಕೈಯಲ್ಲಿ ತೆರೆದುಕೊಳ್ಳುವ ಬಾಗಿಲು. ಕೀಲಿಯಿಲ್ಲದ ಒಳಗಿನ ಅಗುಳಿ ಎರಡೂ ಕೆಲಸ ಮಾಡುತ್ತದೆ. ನಡುಗುವ ಬೆರಳಿಗೂ ಅದು ಸಿಗುತ್ತದೆ. ಬೆಂಕಿಗೂ ದಾಳಿಗೂ ನಡುವಿನ ಈ ಎಳೆದಾಟದಲ್ಲಿ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ.

ಅದೇ ಎಳೆದಾಟ ಗಂಟೆಯಲ್ಲೂ ಇದೆ. ನಮ್ಮ ಶಾಲೆಗಳಲ್ಲಿ ಉದ್ದನೆಯ ಗಂಟೆ ಎಂದರೆ ಮನೆಗೆ ಹೋಗುವ ಗಂಟೆ. ಮಕ್ಕಳು ಹೋ ಎಂದು ಅಂಗಳಕ್ಕೆ ಧಾವಿಸುತ್ತಾರೆ. ಬೆಂಕಿ ಬಿದ್ದಾಗ ಅದು ಸರಿ. ಕತ್ತಿ ಹಿಡಿದವನು ಅಂಗಳದಲ್ಲಿ ನಿಂತಿರುವಾಗ ಜವಾನ ಗಾಬರಿಯಿಂದ ಅದೇ ಗಂಟೆ ಬಾರಿಸಿದರೆ? ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 2018ರ ಫೆಬ್ರವರಿ 14ರಂದು ಹೀಗೇ ಆಯಿತು. ಗುಂಡಿನ ಹೊಗೆ, ಧೂಳಿಗೆ ಬೆಂಕಿಯ ಅಲಾರಂ ಹೊಡೆದುಕೊಂಡಿತು, ಮೇಲಿನ ಮಹಡಿಯ ಮಕ್ಕಳು ತರಗತಿ ಬಿಟ್ಟು ಮೊಗಸಾಲೆಗೆ ಬಂದರು, ಹಲವರು ಅಲ್ಲೇ ಬಲಿಯಾದರು. ಆದ್ದರಿಂದ ಒಳಗೆ ಸೇರಿಕೊಳ್ಳಿ ಎಂಬ ಸೂಚನೆಗೆ ಗಂಟೆಯನ್ನು ಮುಟ್ಟಬಾರದು. ಮೈಕು ಇದ್ದರೆ ಮೈಕಿನಲ್ಲಿ, ಇಲ್ಲದಿದ್ದರೆ ಬೇರೆಯದೇ ಸೀಟಿಯಲ್ಲಿ, ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಗುಟ್ಟಿನ ಪದಗಳು ಬೇಡ. ಮೊನ್ನೆ ಕೆಲಸಕ್ಕೆ ಸೇರಿದ ಶಿಕ್ಷಕಿಗೂ, ಅಡುಗೆಯಕ್ಕನಿಗೂ, ಅಂದು ಬಂದಿರುವ ಪೋಷಕರಿಗೂ ತಿಳಿಯಬೇಕಲ್ಲ.

ಓಡು, ಅಡಗು, ಬೇರೆ ದಾರಿಯೇ ಇಲ್ಲದಾಗ ಹೋರಾಡು ಎಂಬ ಮಾತು ಅಮೆರಿಕದ ಹ್ಯೂಸ್ಟನ್ ನಗರದವರು 2012ರಲ್ಲಿ ಮಾಡಿದ ಕಿರುಚಿತ್ರದಿಂದ ಜಗತ್ತಿಗೆಲ್ಲ ಹಬ್ಬಿತು. ಕ್ರಮ ಸರಿಯಾಗಿದೆ. ನಮ್ಮ ಕಟ್ಟಡಗಳಿಗೆ ಹೊಂದಿಸಿಕೊಳ್ಳಬೇಕು, ಅಷ್ಟೇ. ನಮ್ಮ ಕಿಟಕಿಗಳಿಗೆ ಸರಳುಗಳಿವೆ, ಲಿಬ್ರೆಸ್ಕು ಅವರ ವಿದ್ಯಾರ್ಥಿಗಳಂತೆ ಹಾರಲಾಗದು. ದಾಳಿಕೋರ ದೂರದಲ್ಲಿದ್ದು, ಹಿಂಬಾಗಿಲೋ ತೋಟದ ಕಡೆಯ ಗೇಟೋ ತೆರೆದಿದ್ದರೆ ಚೀಲ, ಚಪ್ಪಲಿ ಬಿಟ್ಟು ಓಡಬೇಕು. ಇಲ್ಲವಾದರೆ ಒಳಗೆ. ಅಗುಳಿ ಹಾಕಿ, ದೀಪ ಆರಿಸಿ, ಫೋನುಗಳನ್ನು ಸದ್ದಿಲ್ಲದಂತೆ ಮಾಡಿ, ಬಾಗಿಲಿನ ನೇರಕ್ಕೆ ಕೂರದೆ, ಬಾಗಿಲಿರುವ ಗೋಡೆಗೇ ಒತ್ತಿ ದೂರದ ಮೂಲೆಯಲ್ಲಿ ತಗ್ಗಿ ಕೂರಬೇಕು. ಹೊರಗಿನಿಂದ ಇಣುಕುವವನಿಗೆ ಆ ಮೂಲೆ ಕಾಣುವುದಿಲ್ಲ. 112ಕ್ಕೆ ಕರೆ ಮಾಡಿದವರು ಮೊದಲು ಊರು ಮತ್ತು ಶಾಲೆಯ ಹೆಸರು ಹೇಳಬೇಕು. ಕರೆ ನಡುವೆ ಕಡಿದುಹೋದರೂ ಜೀಪಿಗೆ ದಿಕ್ಕು ಸಿಕ್ಕಿರುತ್ತದೆ.

ನಮ್ಮಲ್ಲಿ ಬಂದೂಕಿಗಿಂತ ಮಚ್ಚು, ಚಾಕು, ಆ್ಯಸಿಡ್ ಬಾಟಲಿಯ ಸಾಧ್ಯತೆ ಹೆಚ್ಚು. ಇವುಗಳ ಮುಂದೆ ಪ್ರತಿ ಮೀಟರ್ ದೂರಕ್ಕೂ ಬೆಲೆಯಿದೆ. ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲಿ ಅಳೆದು ಬರೆದ ಪ್ರಕಾರ ಚಾಕು ಹಿಡಿದ ಆರೋಗ್ಯವಂತ ಮನುಷ್ಯ 21 ಅಡಿ ದೂರವನ್ನು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ. ಒಂದು ತರಗತಿಯ ಉದ್ದವೇ ಸರಿಸುಮಾರು ಅಷ್ಟು. ಹಾಗಾಗಿ ಮಾತಾಡಿ ಸಮಾಧಾನ ಮಾಡುತ್ತೇನೆಂದು ಹತ್ತಿರ ಹೋಗುವ ಮೇಷ್ಟರು ನಡುವೆ ಒಂದು ಮೇಜನ್ನಾದರೂ ಇಟ್ಟುಕೊಂಡಿರಬೇಕು. ಜಪಾನಿನ ಒಸಾಕಾ ಬಳಿಯ ಇಕೆಡಾ ಪ್ರಾಥಮಿಕ ಶಾಲೆಗೆ 2001ರ ಜೂನ್ 8ರಂದು ಚಾಕು ಹಿಡಿದವನು ನುಗ್ಗಿ ಎಂಟು ಮಕ್ಕಳನ್ನು ಕೊಂದ ಮೇಲೆ ಆ ದೇಶದ ಶಾಲೆಗಳು ಹಳೆಯ ಕಾಲದ ಒಂದು ಸಾಧನವನ್ನು ಮತ್ತೆ ತಂದಿಟ್ಟುಕೊಂಡವು. ಸಸುಮಾತಾ ಎಂದು ಅದರ ಹೆಸರು: ಉದ್ದ ಕೋಲಿನ ತುದಿಯಲ್ಲಿ ಅರೆವೃತ್ತದ ಕವೆ. ಇಬ್ಬರು ಮೂವರು ಶಿಕ್ಷಕರು ಸೇರಿ ದಾಳಿಕೋರನನ್ನು ಸೊಂಟಕ್ಕೆ ಒತ್ತಿ ಗೋಡೆಗೆ ತಡೆದು ನಿಲ್ಲಿಸುತ್ತಾರೆ, ಪೊಲೀಸರು ಬರುವವರೆಗೆ. ಮಕ್ಕಳಿಗೆ ಅಲ್ಲಿ ಕಲಿಸುವುದು ಬಾಗಿಲು ಹಾಕಿ ದೂರ ಇರುವುದನ್ನು ಮಾತ್ರ. ಗುದ್ದಾಟ ಏನಿದ್ದರೂ ದೊಡ್ಡವರ ಪಾಲಿನದು. ಈ ಗೆರೆಯನ್ನು ನಾವೂ ಎಳೆದುಕೊಳ್ಳಬೇಕು.

ಧೈರ್ಯದ ಜೊತೆ ತಾಳ್ಮೆಯೂ ಇದ್ದರೆ ಏನಾಗುತ್ತದೆಂದು ಬಂಗಾಳದ ಮಾಲ್ಡಾ ತೋರಿಸಿದೆ. 2023ರ ಏಪ್ರಿಲ್ 26ರಂದು ಹಳೇ ಮಾಲ್ಡಾದ ಶಾಲೆಯೊಂದಕ್ಕೆ ಪಿಸ್ತೂಲು ಹಿಡಿದು ಬಂದವನು ತರಗತಿ ತುಂಬಾ ಮಕ್ಕಳನ್ನು ಒತ್ತೆ ಇಟ್ಟುಕೊಂಡ. ಡಿಎಸ್ಪಿ ಅಜರುದ್ದೀನ್ ಖಾನ್ ಸಮವಸ್ತ್ರ ಕಳಚಿ, ಟೀ ಶರ್ಟು ತೊಟ್ಟು, ಸಾಮಾನ್ಯರಂತೆ ಬಾಗಿಲ ಬಳಿ ಹೋದರು. ಅವನ ಗಮನ ಬೇರೆ ಕಡೆ ಹೊರಳಿದ ಕ್ಷಣದಲ್ಲಿ ಮೇಲೆರಗಿ ಹಿಡಿದರು. ಒಂದು ಮಗುವಿಗೂ ಏನೂ ಆಗಲಿಲ್ಲ. ಇದಕ್ಕೆ ತದ್ವಿರುದ್ಧವಾದದ್ದನ್ನು ಬೆಂಗಳೂರು 2016ರ ಫೆಬ್ರವರಿ 7ರಂದು ಕಂಡಿತು. ಕುಂದಲಹಳ್ಳಿಯ ವಿಬ್‌ಗಯಾರ್ ಶಾಲೆಗೆ ಚಿರತೆ ಹೊಕ್ಕಿತು. ಭಾನುವಾರವಾದ್ದರಿಂದ ಮಕ್ಕಳಿರಲಿಲ್ಲ, ಅದು ಪುಣ್ಯ. ಆದರೆ ಸುದ್ದಿ ಹಬ್ಬಿ ಸಾವಿರಾರು ಜನ ನೋಡಲು ನೆರೆದರು. ಗದ್ದಲಕ್ಕೆ ಬೆದರಿದ ಪ್ರಾಣಿ ಈಜುಕೊಳದ ಪಕ್ಕದಲ್ಲಿ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಅವರ ಮೇಲೆ ಎರಗಿತು, ಇನ್ನೂ ಕೆಲವರು ಗಾಯಗೊಂಡರು. ಅದನ್ನು ಅರಿವಳಿಕೆ ಕೊಟ್ಟು ಹಿಡಿಯುವಾಗ ರಾತ್ರಿಯಾಗಿತ್ತು. ಚಿರತೆಗೆ ಕೊಲ್ಲುವ ಉದ್ದೇಶವಿಲ್ಲ, ದಾಳಿಕೋರನಿಗೆ ಇರುತ್ತದೆ. ಆದರೆ ಗುಂಪು ಮಾಡುವ ಅನಾಹುತ ಎರಡರಲ್ಲೂ ಒಂದೇ. ಶಾಲೆಯ ಗೇಟಿನ ಮುಂದೆ ನೆರೆದ ಪೋಷಕರು ಆಂಬುಲೆನ್ಸಿನ ದಾರಿಯನ್ನೇ ಮುಚ್ಚುತ್ತಾರೆ. ಮಕ್ಕಳನ್ನು ಎಲ್ಲಿಂದ ಕರೆದುಕೊಂಡು ಹೋಗಬೇಕೆಂದು ಶಾಲೆಯಿಂದ ದೂರದ ಒಂದು ಜಾಗವನ್ನು, ದೇವಸ್ಥಾನದ ಅಂಗಳವೋ ಸಮುದಾಯ ಭವನವೋ, ವರ್ಷದ ಮೊದಲ ಸಭೆಯಲ್ಲೇ ಗೊತ್ತುಮಾಡಿ ಹೇಳಿರಬೇಕು.

ಗಾಯವಾದವರಿಗೂ ಆ ಮೊದಲ ನಿಮಿಷಗಳೇ ಜೀವ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತವಿದೆ. ತೊಡೆಯ ದೊಡ್ಡ ಅಪಧಮನಿ ಕತ್ತರಿಸಿದರೆ ಐದು ನಿಮಿಷದೊಳಗೆ ಪ್ರಾಣ ಹೋಗಬಹುದು. ಚಿಮ್ಮುವ ಗಾಯದ ಮೇಲೆ ಶುಭ್ರ ಬಟ್ಟೆ ಇಟ್ಟು ಎರಡೂ ಅಂಗೈಯಿಂದ, ಮೈಭಾರ ಬಿಟ್ಟು ಒತ್ತಬೇಕು, ನಡುನಡುವೆ ಎತ್ತಿ ನೋಡಬಾರದು. ಕೈಕಾಲಿನ ಗಾಯ ಒತ್ತುವಿಕೆಗೂ ನಿಲ್ಲದಿದ್ದರೆ ಗಾಯಕ್ಕಿಂತ ಮೇಲೆ ಅಗಲವಾದ ಪಟ್ಟಿ ಬಿಗಿದು, ಅದರೊಳಗೆ ಕೋಲೊಂದನ್ನು ತೂರಿಸಿ ತಿರುಚಿ, ಕಟ್ಟಿದ ಹೊತ್ತನ್ನು ಬರೆದಿಡಬೇಕು. ಆ್ಯಸಿಡ್ ಬಿದ್ದರೆ ತಾಗಿದ ಬಟ್ಟೆ ತೆಗೆದು ಹರಿಯುವ ನೀರಿನಲ್ಲಿ ಕಡೆಪಕ್ಷ ಇಪ್ಪತ್ತು ನಿಮಿಷ ತೊಳೆಯಬೇಕು. ಅರಿಸಿನ, ಮುಲಾಮು, ಟೂತ್‌ಪೇಸ್ಟ್ ಏನನ್ನೂ ಹಚ್ಚಬಾರದು. 108ರವರು ಬರುವವರೆಗೂ ನೀರು ನಿಲ್ಲಬಾರದು. ಕುಡಿಯುವ ನೀರಿನ ನಲ್ಲಿಯಿಂದ ತರಗತಿಗೆ ಎಟುಕುವ ಒಂದು ರಬ್ಬರ್ ಪೈಪು ಇದ್ದರೆ ಅದಕ್ಕಿಂತ ದೊಡ್ಡ ಔಷಧ ಆ ಹೊತ್ತಿಗೆ ಬೇರೆಯಿಲ್ಲ.

ಎಲ್ಲಕ್ಕಿಂತ ಒಳ್ಳೆಯದು ದಾಳಿಯೇ ನಡೆಯದಿರುವುದು. ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಸೇರಿ ಶಾಲೆಗಳ ಮೇಲಿನ 37 ದಾಳಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ಕೊಟ್ಟ ವರದಿಯ ಪ್ರಕಾರ, 100ಕ್ಕೆ 81 ಪ್ರಕರಣಗಳಲ್ಲಿ ಕನಿಷ್ಠ ಒಬ್ಬರಿಗೆ ವಿಷಯ ಮೊದಲೇ ತಿಳಿದಿತ್ತು. ತಿಳಿದವರು ಹೆಚ್ಚಾಗಿ ಗೆಳೆಯರು, ಸಹಪಾಠಿಗಳು, ಒಡಹುಟ್ಟಿದವರು. ದೊಡ್ಡವರಿಗೆ ಹೇಳಿದರೆ ಬೈಗುಳವೇ ಗತಿ ಎಂಬ ಅಂಜಿಕೆಯಿಂದ ಸುಮ್ಮನಿರುತ್ತಾರೆ. ಯಾರೋ ನನ್ನನ್ನು ಹಿಂಬಾಲಿಸುತ್ತಿದ್ದಾನೆ, ಬೆದರಿಸುತ್ತಿದ್ದಾನೆ ಎಂದು ಹುಡುಗಿ ಬಂದು ಹೇಳಿದಾಗ ನೀನೇನು ಮಾಡಿದೆ ಎಂದು ಮರುಪ್ರಶ್ನೆ ಹಾಕುವ ಶಾಲೆ ತನ್ನ ಅತ್ಯುತ್ತಮ ಕಾವಲನ್ನು ತಾನೇ ಕಳೆದುಕೊಳ್ಳುತ್ತದೆ. ಮಕ್ಕಳಿಗೆ ಭಯ ಹುಟ್ಟಿಸುವ ಅಣಕು ದಾಳಿಗಳೂ ಬೇಡ. ಸುಳ್ಳು ಗುಂಡು, ಕೆಂಪು ಬಣ್ಣ ಬಳಸಿ ಅಮೆರಿಕದಲ್ಲಿ ಮಾಡಿದ ಅಭ್ಯಾಸಗಳು ಮಕ್ಕಳಲ್ಲಿ ಆತಂಕ ಹೆಚ್ಚಿಸಿದವೆಂಬ ಟೀಕೆ ಅಲ್ಲಿಯೇ ಎದ್ದಿದೆ. ಕರಡಿ ಬಂದಾಗ ಹೇಗಿರಬೇಕೆಂದು ಬೆಟ್ಟದ ಮನೆಯ ಅಜ್ಜಿ ಹೇಳಿಕೊಡುವಷ್ಟು ನಿರಾಳವಾಗಿ, ವರ್ಷಕ್ಕೆ ಒಂದೆರಡು ಸಲ, ಬಾಗಿಲು ಹಾಕಿ ಮೂಲೆಯಲ್ಲಿ ಸದ್ದಿಲ್ಲದೆ ಕೂರುವುದನ್ನು ಅಭ್ಯಾಸ ಮಾಡಿಸಿದರೆ ಸಾಕು.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮೂರ ಶಾಲೆಯ ಎಸ್‌ಡಿಎಂಸಿ ಸಭೆಯೋ ಪೋಷಕರ ಸಭೆಯೋ ಮುಂದಿನ ಸಲ ಕೂಡಿದಾಗ ಅರ್ಧ ಗಂಟೆ ಮೊದಲೇ ಹೋಗಿ. ಪ್ರತಿ ತರಗತಿಯ ಬಾಗಿಲನ್ನು ಒಳಗಿನಿಂದ ಹಾಕಿ ನೋಡಿ. ಎಷ್ಟು ಅಗುಳಿ ಇಲ್ಲ, ಎಷ್ಟು ಕೂರುವುದಿಲ್ಲ, ಎಷ್ಟಕ್ಕೆ ಮೊಳೆ ಸಡಿಲವಾಗಿದೆ ಎಂದು ಚೀಟಿಯಲ್ಲಿ ಬರೆದುಕೊಂಡು ಸಭೆಯ ನಡಾವಳಿಯಲ್ಲಿ ಸೇರಿಸಿ. ಒಂದು ಕೋಣೆಗೆ ತಗಲುವ ಖರ್ಚು ಕೆಲವು ನೂರು ರೂಪಾಯಿ, ಊರ ಬಡಗಿಗೆ ಒಂದು ದಿನದ ಕೆಲಸ. ಸಾಲ ಮಾಡಿಯಾದರೂ ಅದನ್ನು ಮಾಡಿಸಿ.